ನೀವು ಕೇಳಿದ್ದ ಬಲಗಾಲು

ಹುವಾಲಿಯೆನ್, ತೈವಾನ್
ಸೋಮವಾರ

ಪೂಜ್ಯ ಗುರುಪತ್ನಿ ಚಿಯು ಅಮ್ಮನವರಿಗೆ,

ನಾವು ಗುರುಗಳೆಂದೇ ಕರೆಯುವ ನಿಮ್ಮ ಯಜಮಾನರು ನಮ್ಮ ಪಾಠಕ್ಕೆಂದು ದಾನ ಮಾಡಿ ಬಿಟ್ಟುಹೋದ ದೇಹವನ್ನು ನಾವು ನಾಲ್ವರು ವೈದ್ಯ ವಿದ್ಯಾರ್ಥಿಗಳು ಇವತ್ತು ಹೊಲಿದು ಮುಗಿಸಿದೆವು. ಸೊಂಟದಿಂದ ಹಿಮ್ಮಡಿಯವರೆಗೆ ಹೊಲಿದವಳು ನಾನೇ. ಬೆರಳು ಮಡಚಲು ಬರುತ್ತಿಲ್ಲ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ.

ಕೊಯ್ಯುವ ಮೊದಲು ಮನೆಯವರನ್ನು ಕಂಡು ಬರುವ ಪದ್ಧತಿಯಂತೆ ನಿಮ್ಮಲ್ಲಿಗೆ ಬಂದಾಗ ನೀವು ನನ್ನ ಕೈ ಹಿಡಿದು ಹೇಳಿದ್ದಿರಿ: “ಬೆಟ್ಟದ ಮೇಲಿರೋ ನಮ್ಮಮ್ಮನ ಮನೆಗೆ ಹೋಗೋಣ ಅಂದ್ರೆ ಸಾಕು, ಬಲಗಾಲು ನೋವು ಅಂತ ಕೂತ್ಬಿಡ್ತಿದ್ದ ಕಳ್ಳ. ಅದು ನಿಜವೋ ನಾಟಕವೋ, ಒಳಗೆ ನೋಡಿ ಹೇಳು ಮಗಳೇ.”

ನೋಡಿದೆ. ನಾಟಕವೇ, ಅಮ್ಮ. ಬಲ ಸೊಂಟದ ಕೀಲಿನಲ್ಲಿ ತೊಡೆಮೂಳೆಯ ತಲೆ ಪಿಂಗಾಣಿ ಬಟ್ಟಲಿನಂತೆ ನುಣುಪಾಗಿತ್ತು. ಮಂಡಿಯಲ್ಲೂ ಏನೂ ಇಲ್ಲ. ನಾವೆಲ್ಲ ನಕ್ಕೆವು.

ಎಡಗಾಲಿನ ಬಗ್ಗೆ ನೀವು ಕೇಳಿರಲಿಲ್ಲ. ಅಲ್ಲಿ ಸೊಂಟದ ಕೀಲಿನ ಮೆತ್ತನೆ ಹೊದಿಕೆ ಪೂರ್ತಿ ಸವೆದು, ಮೂಳೆಗೆ ಮೂಳೆ ಉಜ್ಜಿ ಗೀರು ಬಿದ್ದಿತ್ತು. ನಮಗೆ ಪಾಠ ಹೇಳುವ ಮೇಷ್ಟ್ರು ನೋಡಿ, “ಒಂದೊಂದು ಹೆಜ್ಜೆಗೂ ಜೀವ ಹೋಗಿರತ್ತೆ. ಮನೇಲಿ ಏನೂ ಹೇಳ್ತಿರಲಿಲ್ವಾ?” ಅಂದರು. ಅವರು ಎಡಗಾಲಿನ ಸುದ್ದಿಯನ್ನೇ ಎತ್ತಿರಲಿಲ್ಲ ಅಂದೆ. ನಿಮಗೆ ಪಾರ್ಶ್ವವಾಯು ಹೊಡೆದ ಮೇಲೆ ದಿನಾ ನಿಮ್ಮನ್ನು ಬೆನ್ನ ಮೇಲೆ ಹೊತ್ತು ಮೂರು ಮಹಡಿ ಇಳಿಸಿ ಹತ್ತಿಸುತ್ತಿದ್ದರೆಂದು ನೀವು ಹೇಳಿದ್ದಿರಲ್ಲ, ಅದನ್ನು ಮಾತ್ರ ಹೇಳಲು ನನಗೆ ಬಾಯಿ ಬರಲಿಲ್ಲ.

ಗುರುವಾರ ಬೆಳಿಗ್ಗೆ ದಹನ. ಅವರಿಗೆ ತೊಡಿಸಲು ಒಂದು ಪ್ಯಾಂಟು ತೆಗೆದಿಡಿ, ಸೊಂಟ ಸಡಿಲವಾಗಿರಲಿ. ನೀವಾಗಿ ಮೆಟ್ಟಿಲಿಳಿಯಲು ಹೋಗಬೇಡಿ. ನನಗೊಬ್ಬಳಿಗೆ ನಿಮ್ಮನ್ನು ಹೊರಲು ಆಗುವುದಿಲ್ಲ. ನಾಲ್ವರೂ ಬರುತ್ತೇವೆ.

ಗುರುಗಳ ಶಿಷ್ಯೆ,
ಪೇ-ಶಾನ್