ಎರಡನೆಯ ತೋಟಾ

ಹದಿನಾಲ್ಕನೇ ತಾರೀಖು, ಭಾನುವಾರ

ಪ್ರೀತಿಯ ಅಮ್ಮನಿಗೆ,

ನಾನೂ ಅಪ್ಪನೂ ಚೆನ್ನಾಗಿದ್ದೇವೆ. ಅಷ್ಟು ಹೇಳಿ ನೇರವಾಗಿ ವಿಷಯಕ್ಕೆ ಬರುತ್ತೇನೆ. ನಾಲ್ಕು ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡು ಒದ್ದಾಡುತ್ತಿದ್ದೇನೆ.

ಬುಧವಾರ ಮಾವ ಅಂಗಡಿಗೆ ಬಂದಿದ್ದರು. ಹೌದು, ನಿನ್ನ ತಮ್ಮನೇ. ಹನ್ನೊಂದು ವರ್ಷದ ಮೇಲೆ ನಮ್ಮ ಹೊಸ್ತಿಲು ತುಳಿದರು. ಅಪ್ಪ ಕಣ್ಣಿನ ಆಸ್ಪತ್ರೆಗೆ ಹೋಗುವ ದಿನ ನೋಡಿಕೊಂಡೇ ಬಂದರೆಂದು ಕಾಣುತ್ತದೆ. ಕಂಕುಳಲ್ಲಿ ಊರುಗೋಲು, ಹೆಗಲಿಗೆ ಆ ರೈಫಲ್.

"ಇದನ್ನ ಮಾರ್ಬಿಡ್ತೀನಿ ಕಣೇ. ಕೊಳ್ಳೋರು, ಕೋವಿ ಸರಿಯಾಗಿದೆ ಅಂತ ರಿಪೇರಿಯವರ ಹತ್ರ ಬರೆಸ್ಕೊಂಡು ಬಾ ಅಂದಿದ್ದಾರೆ. ಸುತ್ತಮುತ್ತ ನಿಮ್ದು ಬಿಟ್ರೆ ಇನ್ಯಾರ ಅಂಗಡಿ ಇದೆ?" ಎಂದರು.

ಆ ಕೋವಿಯ ಕಥೆ ನಿನಗೆ ಹೇಳಬೇಕಾಗಿಲ್ಲ. ಅಪ್ಪ ಅದರ ತೋಟಾ ತುಂಬುವ ಮ್ಯಾಗಜೀನಿಗೆ ಹೊಸ ಸ್ಪ್ರಿಂಗ್ ಹಾಕಿಕೊಟ್ಟ ಮರುವಾರವೇ ಮಾವ ಬೇಟೆಗೆ ಹೋದದ್ದು, ಮೊದಲ ಗುಂಡು ಹಂದಿಯ ಬೆನ್ನು ಸವರಿದ್ದು, ಅದು ತಿರುಗಿ ನುಗ್ಗಿದಾಗ ಎರಡನೆಯ ತೋಟಾ ಬಾರದೆ, ಅದನ್ನು ನಳಿಗೆಗೆ ತಳ್ಳುವ ಬೋಲ್ಟ್ ಕಚ್ಚಿಕೊಂಡದ್ದು, ಮಾವ ಮಂಡಿಯ ಕೆಳಗೆ ಕಾಲು ಕಳೆದುಕೊಂಡದ್ದು. ಭಾವನ ರಿಪೇರಿ ಕೆಟ್ಟಿತ್ತು ಎಂದು ಮಾವ ಹೇಳಿದರು. ತಮ್ಮನನ್ನು ನೋಡಿಕೊಳ್ಳಲು ಹೋದ ನೀನು ತಿರುಗಿ ಬರಲಿಲ್ಲ.

ನಾನೂ ಅದನ್ನೇ ನಂಬಿದ್ದೆ. ಇವತ್ತಿಗೂ ಅಪ್ಪ ಮುಗಿಸಿಟ್ಟ ಕೆಲಸವನ್ನು, ಅವರು ಊಟಕ್ಕೆ ಎದ್ದಾಗ, ಕದ್ದು ಇನ್ನೊಮ್ಮೆ ಪರೀಕ್ಷಿಸುತ್ತೇನೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಮಾವನನ್ನು ಸ್ಟೂಲಿನ ಮೇಲೆ ಕೂರಿಸಿ ಕೋವಿ ಬಿಚ್ಚಿದೆ. ಸ್ಪ್ರಿಂಗ್ ಸ್ವಲ್ಪವೂ ಸೋತಿರಲಿಲ್ಲ. ಮದ್ದಿಲ್ಲದ ತೋಟಾ ತುಂಬಿ ಬೋಲ್ಟನ್ನು ಎಳೆದೆ, ತಳ್ಳಿದೆ. ಮೂವತ್ತು ಸಲವಾದರೂ ಮಾಡಿರಬೇಕು. ಒಮ್ಮೆಯೂ ತಡೆಯಲಿಲ್ಲ. ಹಾಗಾದರೆ ಅವತ್ತು ಆದದ್ದೇನು? ನನ್ನ ತಲೆಗೆ ಹುಳ ಹೊಕ್ಕಿತು. ಚೀಟಿ ಬರೆದುಕೊಟ್ಟು ಕಳಿಸಬಹುದಿತ್ತು, ಮನಸ್ಸು ಒಪ್ಪಲಿಲ್ಲ. ಮಾವ ಎರಡು ಸಲ "ಸಾಕು ಬಿಡೇ" ಎಂದರು.

ಈ ಕೋವಿಯ ತೋಟಾಕ್ಕೆ ಬುಡದಲ್ಲಿ ತಟ್ಟೆಯ ಹಾಗೆ ಹೊರಚಾಚಿದ ಅಂಚಿದೆ. ಒಂದರ ಮೇಲೊಂದು ತುಂಬುವಾಗ ಮೇಲಿನದರ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಕೂರಬೇಕು. ಹಿಂದೆ ಕೂತರೆ, ಬೋಲ್ಟ್ ತಳ್ಳಿದಾಗ ಅದು ಕೆಳಗಿನದಕ್ಕೆ ಕೊಕ್ಕೆ ಹಾಕಿಕೊಳ್ಳುತ್ತದೆ. ಅಪ್ಪ ಕಲಿಸಿದ್ದು ನನಗೆ ಎಷ್ಟು ರೂಢಿಯಾಗಿದೆಯೆಂದರೆ, ತಪ್ಪಾಗಿ ತುಂಬಬಹುದು ಎಂಬುದೇ ಅಷ್ಟು ಹೊತ್ತು ಹೊಳೆಯಲಿಲ್ಲ. ಕೊನೆಗೆ ಬೇಕೆಂದೇ ತಪ್ಪಾಗಿ ತುಂಬಿ ತಳ್ಳಿದೆ. ಬೋಲ್ಟ್ ಅರ್ಧದಲ್ಲೇ ಕಚ್ಚಿಕೊಂಡಿತು. ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ಮಾವ, ಸಿಕ್ತು!" ಎಂದು ಕುಣಿಯುತ್ತಾ ತಿರುಗಿದೆ. ಅವರು ಕೋವಿಯ ಕಡೆ ನೋಡುತ್ತಲೇ ಇರಲಿಲ್ಲ.

"ನಂಗೊತ್ತು. ಅವತ್ತು ಅವಸರದಲ್ಲಿ ಜೇಬಿಂದ ತೆಗೆದು ಹೇಗೆಂದ್ರೆ ಹಾಗೆ ತುರುಕಿದ್ದೆ. ಭಾವ ಆಸ್ಪತ್ರೆಗೇ ಬಂದು, ಎರಡು ತೋಟಾ ಹಿಡ್ಕೊಂಡು ತೋರಿಸಿದ್ರು. ಗಾಯ ಮಾಯಲಿ, ಆಮೇಲೆ ನೀನೇ ನಿಮ್ಮಕ್ಕನಿಗೆ ಹೇಳು ಅಂದ್ರು."

ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಅಷ್ಟೊತ್ತಿಗೆ ಅಕ್ಕ ಬಂದಿದ್ಲು. ನೀರು ಕುಡಿಯೋದಕ್ಕೂ ಅವಳೇ ಬೇಕಿತ್ತು. ಹೇಳಿದ್ರೆ ಹೊರಟು ಹೋಗ್ತಾಳೆ ಅಂತ ಭಯ. ಆಮೇಲೆ ಹೇಳೋ ಹೊತ್ತು ದಾಟಿಹೋಯ್ತು."

ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೂ ಅವರ ಮುಖ ನೋಡಿ, ಕಚ್ಚಿಕೊಂಡ ತೋಟಾ ಬಿಡಿಸಲು ಕೂತೆ.

ಸಂಜೆ ಅಪ್ಪ ಬಂದ ಮೇಲೆ ಅವರನ್ನೂ ಕೇಳಿದೆ, ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೇಕೆ ಎಂದು. "ಅವಳು ಕೇಳಿದ್ರೆ ಹೇಳ್ತಿದ್ದೆ. ಏನಾಯ್ತು ಅಂತ ಒಂದ್ಸಲನೂ ಕೇಳ್ಲಿಲ್ಲ" ಎಂದರು. ಆಮೇಲೆ ಮಾವ ಬಿಟ್ಟುಹೋಗಿದ್ದ ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣಿಗಿಂತ ಹೆಚ್ಚಾಗಿ ಬೆರಳಿನಿಂದಲೇ ನೋಡುತ್ತಾ, "ಸ್ಪ್ರಿಂಗ್ ಇನ್ನೂ ಗಟ್ಟಿಯಾಗಿದೆ, ಅಲ್ವಾ?" ಎಂದರು. ಅವರ ಸಂಕಟವೆಲ್ಲ ಆ ಸ್ಪ್ರಿಂಗಿನದೇ ಆಗಿತ್ತೇನೋ ಅನ್ನಿಸಿ ನನಗೆ ನಗು ಬಂತು, ಅಳುವೂ ಬಂತು.

ಬಾ ಎಂದು ಕರೆಯಲು ಇದನ್ನು ಬರೆದದ್ದಲ್ಲ. ಮಾವನ ಮೇಲೆ ಕೂಗಾಡು ಎಂದೂ ಅಲ್ಲ. ಅಪ್ಪನನ್ನು ಕೇಳದೇ ಇದ್ದವಳು ನೀನೊಬ್ಬಳೇ ಅಲ್ಲ, ಒಂದೇ ಸೂರಿನಡಿ ಇದ್ದ ನಾನೂ ಕೇಳಲಿಲ್ಲ. ನಿನಗೇನಾದರೂ ಕೇಳಬೇಕೆನಿಸಿದರೆ, ಅಪ್ಪ ಬೆಳಗಿನಿಂದ ಸಂಜೆಯವರೆಗೆ ಅಂಗಡಿಯಲ್ಲೇ ಇರುತ್ತಾರೆ.

ನಿನ್ನ ಮಗಳು,
ತರ್ಲೆ

ಮರೆತ ಮಾತು: ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ಮಾವ ಇವತ್ತು ಕೋವಿ ತೆಗೆದುಕೊಂಡು ಹೋಗಲು ಬಂದಿದ್ದಾರೆ, ತಾವೇ ನಿನ್ನ ಕೈಗೆ ಕೊಡುತ್ತಾರಂತೆ. ಕೂತು ಪೂರ್ತಿ ಓದಿದರು. ಒಂದು ಸಾಲು ಮಾತ್ರ ಬೇಡ ಎಂದರು, ಬುಧವಾರ ಅವರು ಅತ್ತರು ಎಂದು ಬರೆದಿದ್ದ ಸಾಲು. ಅದನ್ನು ಬಿಟ್ಟು ಹೊಸದಾಗಿ ಬರೆದುಕೊಟ್ಟಿದ್ದೇನೆ.