ಮೆಟ್ಟಿಲ ಕೆಳಗಿನ ಎರಡು ಮೀಟರುಗಳು

ವಿದ್ಯುತ್ ಗ್ರಾಹಕರ ದೂರುಗಳ ವಿಚಾರಣಾಧಿಕಾರಿಗಳಿಗೆ,

ದೂರಿಗೆ ಎಂಟು ವಾರ ವಯಸ್ಸಾಗುವ ತನಕ ಅದನ್ನು ಕಣ್ಣೆತ್ತಿಯೂ ನೋಡದ ಮಾನ್ಯರೇ,

ಕರೆಂಟಿನ ಕಂಪನಿ ಬದಲಾಯಿಸಿದ್ದಕ್ಕೆ ನನಗೆ ಎರಡು ಸಾವಿರದ ಮುನ್ನೂರ ಹದಿನಾರು ಪೌಂಡಿನ ಬಿಲ್ಲು ಬಂದಿದೆ. ಅಷ್ಟು ಕರೆಂಟನ್ನು ನಾನು ಉರಿಸಿಲ್ಲ. ಉರಿಸಿದವರು ಯಾರೆಂದು ನನಗೆ ಗೊತ್ತು, ಅವರಿಗೂ ಗೊತ್ತು, ಎರಡು ಕಂಪನಿಗಳಿಗೂ ಗೊತ್ತು. ಆದರೂ ಆ ಹಣವನ್ನು ಅವರಿಂದ ವಸೂಲು ಮಾಡಕೂಡದು ಎಂದು ಕೇಳುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ವಿಚಿತ್ರ ಅನ್ನಿಸಿದರೆ ದಯವಿಟ್ಟು ಕೊನೆಯ ತನಕ ಓದಿ. ನಿಮ್ಮ ಕಚೇರಿಗೆ ಬರೆದ ಮೂರು ಪತ್ರಗಳಿಗೆ 'ನಿಮ್ಮ ಪತ್ರ ತಲುಪಿದೆ' ಎಂಬ ಮೂರು ಉತ್ತರಗಳು ಬಂದಿವೆ. ತಲುಪುವುದು ಅಂಚೆಯವನ ಕೆಲಸ, ಅದನ್ನು ಅವನು ಚೆನ್ನಾಗಿಯೇ ಮಾಡುತ್ತಾನೆ. ನಿಮ್ಮ ಕೆಲಸ ಏನೆಂದು ತಿಳಿಯದೆ ಈ ನಾಲ್ಕನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ಫ್ಲೀಟ್‌ವುಡ್ಡಿನ ಹ್ಯಾಲಿಬಟ್ ಹೌಸ್ ಎಂಬ ಕಟ್ಟಡದ ಐದನೇ ನಂಬರಿನ ಮನೆಯವಳು. ವಯಸ್ಸು ಎಪ್ಪತ್ತೊಂದು. ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಈ ಊರಿನ ಮಕ್ಕಳಿಗೆ ಆಲೂಗಡ್ಡೆ ಬೇಯಿಸಿ ಕಿವುಚಿ ಬಡಿಸಿದ್ದೇನೆ. ನಿಮ್ಮ ಕಚೇರಿಯಲ್ಲೂ ನನ್ನ ಕೈ ಅಡುಗೆ ಉಂಡವರು ಇದ್ದರೆ ಆಶ್ಚರ್ಯವಿಲ್ಲ. ನಮ್ಮ ಕಟ್ಟಡಕ್ಕೆ ಗ್ಯಾಸ್ ಇಲ್ಲ. ಅಡುಗೆ, ಬಿಸಿನೀರು, ಹೀಟರು ಎಲ್ಲವೂ ಕರೆಂಟಿನದೇ. ಸಮುದ್ರದ ಗಾಳಿ ಕಿಟಕಿಯ ಸಂದಿಯಿಂದ ಕೇಳದೆ ಒಳಗೆ ಬರುತ್ತದೆ. ಗಂಡ ತೀರಿಕೊಂಡ ಮೇಲೆ ಏಳು ಚಳಿಗಾಲಗಳಿಂದ ನಾನು ಒಂದೇ ಕೋಣೆಯ ಹೀಟರನ್ನು ದಿನಕ್ಕೆ ಎರಡೇ ತಾಸು ಹಾಕುತ್ತ ಬಂದೆ. ಉಳಿದ ಹೊತ್ತು ಟೋಪಿ, ಕೋಟು, ತೊಡೆಯ ಮೇಲೆ ಬಿಸಿನೀರಿನ ಚೀಲ. ಇಷ್ಟು ಮಾಡಿದರೂ ಬಿಲ್ಲು ಒಂದು ಪೌಂಡೂ ಇಳಿಯಲಿಲ್ಲ. ಏಕೆಂದರೆ ಅದು ಅಂದಾಜಿನ ಬಿಲ್ಲು. ಹಾಗೆಂದು ಹಾಳೆಯ ಅಡಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿರುತ್ತಿತ್ತು. ಇದರಲ್ಲಿ ನನ್ನ ತಪ್ಪೂ ಇದೆ, ಒಪ್ಪಿಕೊಳ್ಳುತ್ತೇನೆ. ಮೀಟರುಗಳಿರುವುದು ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ನೆಲಕ್ಕೆ ಹತ್ತಿರ. ನನ್ನ ಮಂಡಿ ಅಲ್ಲಿಯ ತನಕ ಬಗ್ಗುವುದಿಲ್ಲ. ಹಾಗಾಗಿ ನಾನು ರೀಡಿಂಗ್ ಕೊಡಲಿಲ್ಲ, ಕಂಪನಿಯವರೂ ಬಂದು ನೋಡಲಿಲ್ಲ.

ಎದುರಿನ ಆರನೇ ನಂಬರಿನಲ್ಲಿ ಸಿರಿಲ್ ರಿಮ್ಮರ್ ಮತ್ತು ಅವನ ಹೆಂಡತಿ ನೋರೀನ್ ಇದ್ದಾರೆ. ಸಿರಿಲ್ ಹಿಂದೆ ಮೀನಿನ ಹಡಗಿನಲ್ಲಿ ಐಸ್‌ಲ್ಯಾಂಡಿನ ತನಕ ಹೋಗಿ ಬರುತ್ತಿದ್ದವನು. ನೋರೀನ್‌ಗೆ ಚಳಿ ತಾಗಿದರೆ ಬೆರಳುಗಳು ಬೆಳ್ಳಗಾಗಿ ಮರಗಟ್ಟುವ ಕಾಯಿಲೆ. ಕೆಲವೊಮ್ಮೆ ತುದಿ ಒಡೆದು ಹುಣ್ಣಾಗುತ್ತದೆ. ಮನೆ ಬೆಚ್ಚಗಿರಲೇಬೇಕೆಂದು ಡಾಕ್ಟರು ಹೇಳಿದ್ದಾರೆ. ಹಾಗಾಗಿ ಅವರ ಹೀಟರುಗಳಿಗೆ ಬಿಡುವಿರಲಿಲ್ಲ. ಸಿರಿಲ್ ಜನವರಿಯಲ್ಲೂ ಬರೀ ಬನಿಯನ್ನಿನಲ್ಲಿ ಬಾಗಿಲು ತೆರೆಯುತ್ತಿದ್ದ. ನನ್ನನ್ನು ಕಂಡರೆ ಅವನಿಗೆ ತಮಾಷೆ.

"ಏನ್ ಗ್ಲೆನಿಸ್, ಮನೆ ಒಳಗೂ ಟೋಪಿನಾ? ಹೀಟರ್ ಹಾಕ್ಕೊಳ್ಳೇ ಮಾರಾಯ್ತಿ. ಎಷ್ಟು ಮಹಾ ಆಗತ್ತೆ?"

"ನಿಂಗೇನಪ್ಪ ಹೇಳ್ತೀಯ. ನಿನ್ನ ಬಿಲ್ ನೋಡಿದ್ರೆ ನಂಗೆ ಹೊಟ್ಟೆ ಉರಿಯತ್ತೆ."

"ಅದಕ್ಕೇ ನಮ್ಮ ಕಂಪ್ನಿಗೆ ಬಾ ಅನ್ನೋದು. ಹಗಲೂ ರಾತ್ರಿ ಹೀಟರ್ ಹಾಕ್ತೀವಿ, ಆದ್ರೂ ನಿಂದಕ್ಕಿಂತ ಕಮ್ಮಿ. ನಿನ್ನ ಕಂಪ್ನಿಯೋರು ನಿನ್ನ ತಲೆ ಮೇಲೆ ಮೆಣಸು ಅರೀತಿದಾರೆ ಕಣೇ."

ನಾನು ನಂಬಿದೆ. ನಂಬದೆ ಏನು ಮಾಡಲಿ? ಅವನು ತಿಂಗಳು ತಿಂಗಳೂ ಗೂಡಿನಲ್ಲಿ ತೂರಿ, ಆರು ಎಂದು ಬರೆದಿರುವ ಮೀಟರು ಓದಿ, ತಪ್ಪದೆ ರೀಡಿಂಗ್ ಕಳಿಸುವ ಮನುಷ್ಯ. ಅವನ ಬಿಲ್ಲನ್ನು ನಾನೇ ಕಣ್ಣಾರೆ ನೋಡಿದ್ದೆ. ಕಂಪನಿ ಬದಲಾಯಿಸಿ, ಒಂದೇ ಫೋನಿನಲ್ಲಿ ಮುಗಿಯುತ್ತದೆ, ಉಳಿತಾಯ ಮಾಡಿ ಎಂದು ನೀವೂ ಬಸ್ಸಿನ ಮೇಲೆ, ರೇಡಿಯೋದಲ್ಲಿ ಹೇಳುತ್ತಲೇ ಇರುತ್ತೀರಿ. ಅಕ್ಟೋಬರಿನಲ್ಲಿ ಸಿರಿಲ್‌ನ ಕಂಪನಿಗೇ ಬದಲಾಯಿಸಿದೆ. ಬದಲಾಯಿಸುವ ದಿನದ ರೀಡಿಂಗ್ ಬೇಕೆಂದರು. ನನ್ನ ಮಂಡಿಯ ಸಂಗತಿ ಗೊತ್ತಿದ್ದ ಸಿರಿಲ್ ತಾನೇ ಟಾರ್ಚು ಹಿಡಿದು ಬಗ್ಗಿ, "ಐದನೇ ನಂಬರು, ಸರಿ, ಬರ್ಕೋ" ಎಂದು ಒಂದೊಂದೇ ಅಂಕೆ ಕೂಗಿದ. ನಾನು ಬರೆದುಕೊಂಡೆ. ಏಳು ವರ್ಷಗಳಲ್ಲಿ ಆ ಮೀಟರಿನ ನಿಜವಾದ ಅಂಕೆ ಕಂಪನಿಗೆ ಹೋದದ್ದು ಅದೇ ಮೊದಲು. ಮೂರು ವಾರ ಬಿಟ್ಟು ಹಳೆಯ ಕಂಪನಿಯಿಂದ ಆ ಎರಡು ಸಾವಿರದ ಚಿಲ್ಲರೆಯ ಕೊನೆಯ ಬಿಲ್ಲು ಬಂತು, ಅಂದಾಜಿಗೂ ನಿಜಕ್ಕೂ ಇರುವ ವ್ಯತ್ಯಾಸವೆಂದು. ಅದಾದ ಮೇಲೆ ಒಂದು ಕಡೆ ನೆಮ್ಮದಿಯಾಗಿ ಕೂತ ನೆನಪು ನನಗಿಲ್ಲ.

ಆ ಕಂಪನಿಯ ಫೋನಿನಲ್ಲಿ ಐವತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಂದು ಹುಡುಗಿ ಸಿಕ್ಕಳು.

"ಮೇಡಂ, ರೀಡಿಂಗ್ ನೀವೇ ಕೊಟ್ಟಿರೋದಲ್ವಾ?"

"ಹೌದಮ್ಮ."

"ಹಾಗಾದ್ರೆ ಸರಿಯಾಗೇ ಇರತ್ತೆ ಬಿಡಿ."

ನೋಡಿ, ಏಳು ವರ್ಷ ನನ್ನ ಬಗ್ಗೆ ಏನೊಂದೂ ತಿಳಿಯದೆ ಬಿಲ್ಲು ಬರೆದ ಕಂಪನಿಗೆ ನನ್ನ ಮಾತಿನ ಮೇಲೆ ಒಮ್ಮೆಗೇ ಎಷ್ಟು ವಿಶ್ವಾಸ! ಒಂದು ವರ್ಷಕ್ಕಿಂತ ಹಿಂದಿನದನ್ನು ಕೇಳಬಾರದೆಂಬ ನಿಯಮವಿದೆಯಲ್ಲ ಎಂದೆ. ಗ್ರಾಹಕರು ರೀಡಿಂಗ್ ಕೊಡದಿದ್ದರೆ ಆ ನಿಯಮ ಅನ್ವಯಿಸುವುದಿಲ್ಲವಂತೆ. ಅಂದರೆ ಕಂಪನಿಯವರು ಬಂದು ನೋಡದಿದ್ದರೆ ಅದು ಅನುಕೂಲದ ಪ್ರಶ್ನೆ, ನನ್ನ ಮಂಡಿ ಬಗ್ಗದಿದ್ದರೆ ಅದು ಅಪರಾಧ. ಹೊಸ ಕಂಪನಿಯೂ ಸುಮ್ಮನಿರಲಿಲ್ಲ. ಆ ಮೀಟರು ಓಡುವ ವೇಗ ನೋಡಿ, ತಿಂಗಳಿಗೆ ಇನ್ನೂರ ನಾಲ್ಕು ಪೌಂಡು ಕಟ್ಟಬೇಕೆಂದು ಬರೆಯಿತು.

ಏನೋ ಸೋರುತ್ತಿರಬೇಕು ಎಂದುಕೊಂಡು ಒಂದು ಮಧ್ಯಾಹ್ನ ಸಿರಿಲ್‌ನನ್ನು ಮತ್ತೆ ಕೆಳಗೆ ಕಳಿಸಿದೆ. ನಾನು ಮನೆಯ ಮೇನ್ ಸ್ವಿಚ್ ಆರಿಸಿ ಮೆಟ್ಟಿಲ ತಲೆಯಲ್ಲಿ ನಿಂತೆ.

"ಆರಿಸ್ದೆ ಸಿರಿಲ್! ನಿಂತಿತಾ?"

"ಎಲ್ಲಿ ನಿಲ್ಲತ್ತೆ! ಮೀಟರ್ ದೀಪ ಮಿಟುಕ್ತಾನೇ ಇದೆ. ಏನೋ ಬಿಟ್ಟಿದೀಯ ನೋಡು."

"ಮೇನೇ ಆರಿಸಿದೀನಿ ಅಂತೀನಿ. ಫ್ರಿಜ್ಜೂ ಸತ್ತು ಕೂತಿದೆ."

"ಅರೆ! ಈಗ ಇನ್ನೂ ಜೋರಾಗಿ ಮಿಟುಕ್ತಿದೆಯಲ್ಲೇ! ಹುಚ್ಚು ಹಿಡಿದ ಹಾಗೆ!"

ಅಷ್ಟರಲ್ಲಿ ನೋರೀನ್ ತನ್ನ ಬಾಗಿಲಿನಿಂದ ತಲೆ ಹೊರಗೆ ಹಾಕಿದಳು. "ಏನ್ರೀ ಕೂಗಾಟ ನಿಮ್ಮದು? ಟೀಗೆ ಕೆಟಲ್ ಇಟ್ಟಿದೀನಿ. ನಿಂಗೂ ಒಂದು ಕಪ್ ಹಾಕ್ಲಾ ಗ್ಲೆನಿಸ್?"

ಕೆಳಗಿನಿಂದ ಸಿರಿಲ್ ಬೇರೆಯದೇ ದನಿಯಲ್ಲಿ, "ನೋರೀನ್, ಆ ಕೆಟಲ್ ಆರ್ಸು" ಅಂದ. ಆರಿಸಿದಳು. "ನಮ್ಮ ಮೇನ್ ಸ್ವಿಚ್ಚೂ ಆರ್ಸು" ಅಂದ. ಅದನ್ನೂ ಆರಿಸಿದಳು. ನಾವಿಬ್ಬರೂ ಮೆಟ್ಟಿಲ ಕಂಬಿ ಹಿಡಿದು ಕಾದೆವು. ಅವನು ಗೂಡಿನಿಂದ ಹಿಂದೆ ಸರಿದು, ಮೊಣಕಾಲು ಒರೆಸಿಕೊಂಡು, ನನ್ನ ಮುಖ ನೋಡದೆ ಹೇಳಿದ: "ನಿಂತಿತು. ಇದು ನಮ್ದು ಗ್ಲೆನಿಸ್. ನೀನು ಇಷ್ಟು ವರ್ಷ ಕಟ್ಟಿರೋದು ನಮ್ಮ ಮೀಟರಿಗೆ."

ಹೇಗಾಯಿತೆಂದು ಆಮೇಲೆ ಮೂವರೂ ಕೂತು ಲೆಕ್ಕ ಹಾಕಿದೆವು. ಏಳು ವರ್ಷದ ಹಿಂದೆ ಗೂಡಿಗೆ ಬಣ್ಣ ಬಳಿಯಲು ಬಂದವನು ನಂಬರಿನ ಚೀಟಿಗಳನ್ನು ಕಿತ್ತು, ಬಣ್ಣ ಒಣಗಿದ ಮೇಲೆ ಅದಲು ಬದಲಾಗಿ ಅಂಟಿಸಿದ. ಮರುತಿಂಗಳು ಹಳೆಯ ಮೀಟರು ತೆಗೆದು ಹೊಸದನ್ನು ಕೂರಿಸಲು ಬಂದವನು ವೈರು ಯಾವ ಮನೆಗೆ ಹೋಗುತ್ತದೆಂದು ನೋಡದೆ, ಚೀಟಿ ನೋಡಿ ಮನೆ ನಂಬರು ಬರೆದುಕೊಂಡ. ಅವನು ಬರೆದದ್ದೇ ನಿಮ್ಮೆಲ್ಲರ ಕಂಪ್ಯೂಟರಿನಲ್ಲಿ ಇಂದಿಗೂ ಸತ್ಯವಾಗಿ ಕೂತಿದೆ. ನಾನು ಚಳಿಯಲ್ಲಿ ನಡುಗಿ ಉಳಿಸಿದ್ದೆಲ್ಲ ಸಿರಿಲ್‌ನ ಬಿಲ್ಲಿನಲ್ಲಿ ಉಳಿಯಿತು. ಆ ಕಡಿಮೆ ಬಿಲ್ಲು ನೋಡಿ ಅವನು ಇನ್ನೊಂದು ಹೀಟರು ತಂದ. ಇದನ್ನು ಯೋಚಿಸಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ, ಸುಳ್ಳು ಹೇಳುವುದಿಲ್ಲ. ಮೊದಲ ಎರಡು ದಿನ ಅವರಿಬ್ಬರ ಮುಖ ನೋಡಲೂ ನನಗೆ ಮನಸ್ಸಿರಲಿಲ್ಲ. ಆದರೆ ಅವನು ಕದ್ದನೇ? ಚೀಟಿ ಅಂಟಿಸಿದವನು ಅವನೇ? ಸತ್ಯ ಗೊತ್ತಾದ ಗಳಿಗೆಯಲ್ಲೇ ಬಾಯಿ ಬಿಟ್ಟು ಹೇಳಿದವನು ಈ ಇಡೀ ವ್ಯವಹಾರದಲ್ಲಿ ಅವನೊಬ್ಬನೇ.

ಹಳೆಯ ಬಾಕಿಯನ್ನೂ ವಸೂಲಿಗೆ ವಹಿಸಿಕೊಂಡಿದ್ದ ಹೊಸ ಕಂಪನಿಗೆ ಎಲ್ಲವನ್ನೂ ತಿಳಿಸಿದೆ. ಅವರಿಗೆ ಬಹಳ ಸಂತೋಷವಾಯಿತು. ಪರಿಹಾರ ಸುಲಭವೆಂದು ಒಂದು ಫಾರಂ ಕಳಿಸಿದರು. ನಾನು ಸಹಿ ಮಾಡಿದರೆ ನನ್ನ ಬಾಕಿ ಪೂರ್ತಿ ಮನ್ನಾ, ಅಷ್ಟೂ ಹಣ ಆರನೇ ನಂಬರಿನ ಮೇಲೆ. ಅದರಲ್ಲಿ ಅಚ್ಚಾದ ಸಾಲು ಇದು: 'ಮೇಲ್ಕಂಡ ಅವಧಿಯಲ್ಲಿ ನನ್ನ ಹೆಸರಿನ ಖಾತೆಯ ವಿದ್ಯುತ್ತನ್ನು ನೆರೆಮನೆಯವರು ಹಣ ಪಾವತಿಸದೆ ಬಳಸಿಕೊಂಡಿರುತ್ತಾರೆಂದು ಘೋಷಿಸುತ್ತೇನೆ.' ಬಣ್ಣದವನಿಗೆ ಆ ಫಾರಂನಲ್ಲಿ ಜಾಗವಿಲ್ಲ. ಮೀಟರು ಕೂರಿಸಿದವನಿಗೂ ಇಲ್ಲ. ಏಳು ವರ್ಷ ಬಾಗಿಲು ತಟ್ಟದ ಕಂಪನಿಗಂತೂ ಒಂದು ಚುಕ್ಕೆಯೂ ಇಲ್ಲ. ಇಬ್ಬರು ಮುದುಕರನ್ನು ಮೂರನೆಯ ಮುದುಕಿಯ ಕೈಯಿಂದ ಕಳ್ಳರೆಂದು ಬರೆಸಿಕೊಳ್ಳುವ ಇಷ್ಟು ಅಚ್ಚುಕಟ್ಟಾದ ಏರ್ಪಾಡನ್ನು ಯಾರು ಕೂತು ಯೋಚಿಸಿದರು, ಮಾನ್ಯರೇ? ಅವರಿಗೆ ಬಡ್ತಿ ಸಿಕ್ಕಿತೇ?

ನಾನು ಸಹಿ ಮಾಡಲಿಲ್ಲ. ಸಿರಿಲ್ ಪೆನ್ನು ಹಿಡಿದುಕೊಂಡೇ ಬಂದ.

"ಸಹಿ ಹಾಕೇ. ಉರಿಸಿದ್ದು ನಾವು, ಕಟ್ಟೋದೂ ನಾವೇ."

"ಎಲ್ಲಿಂದ ತಂದು ಕಟ್ತೀಯ? ಹಡಗು ಮಾರ್ತೀಯಾ?"

"ಹೇಗೋ ಕಟ್ತೀನಿ. ನಿನ್ನ ಋಣ ನಂಗೆ ಬೇಡ."

"ನೋಡು ಸಿರಿಲ್, ಕಳ್ಳ ಅಂತ ನಿನ್ನ ಮುಖದ ಮೇಲೆ ಬೇಕಾದ್ರೆ ನೂರು ಸಲ ಅಂತೀನಿ. ಕಾಗದದ ಮೇಲೆ ಬರೆಯಲ್ಲ. ಹೋಗು."

ಅವನು ನಗಲಿಲ್ಲ. ಅಂದಿನಿಂದ ಅವರ ಮನೆಯ ಹೀಟರುಗಳು ಆರಿವೆ. ಬೆಳಗ್ಗೆ ಒಂಬತ್ತೂವರೆಗೆ ಅವನು ನೋರೀನ್‌ಗೆ ಎರಡೆರಡು ಕೈಗವಸು ಹಾಕಿಸಿ, ಟ್ರಾಮಿನಲ್ಲಿ ಲೈಬ್ರರಿಗೆ ಕರೆದುಕೊಂಡು ಹೋಗುತ್ತಾನೆ. ಮನೆ ಬೆಚ್ಚಗಿಟ್ಟುಕೊಳ್ಳಲಾಗದವರು ಕೂರಲೆಂದು ಅಲ್ಲೊಂದು ಬೆಚ್ಚನೆಯ ಕೋಣೆ ಇದೆ, ಸೂಪು ಕೊಡುತ್ತಾರೆ. ಐದಕ್ಕೆ ಬಾಗಿಲು ಹಾಕುತ್ತಾರೆ. ಐದರ ಮೇಲೆ ಅವಳು ಹಾಸಿಗೆಯಲ್ಲಿ ಕೋಟು ಹೊದ್ದು ಮಲಗುತ್ತಾಳೆ. ಮೊನ್ನೆ ಅವಳ ಬಲಗೈಯ ಎರಡು ಬೆರಳಿಗೆ ಪಟ್ಟಿ ಕಟ್ಟಿತ್ತು. ಕೇಳಿದರೆ ಬ್ರೆಡ್ ಕೊಯ್ಯುವಾಗ ತಾಗಿತು ಅಂದಳು. ಪಟ್ಟಿ ಎರಡೂ ಬೆರಳಿನ ತುದಿಗೇ ಇತ್ತು. ಈ ಪತ್ರ ಬರೆಯುತ್ತ ನಾಲ್ಕು ಸಲ ಎದ್ದು ಅವರ ಬಾಗಿಲಿಗೆ ಕಿವಿ ಕೊಟ್ಟು ಬಂದಿದ್ದೇನೆ, ಅವಳು ಓಡಾಡುವ ಸದ್ದು ಕೇಳುತ್ತದೋ ಎಂದು.

ಈಗ ಹೊಸ ಕಂಪನಿಯ ಕೊನೆಯ ನೋಟೀಸು ಬಂದಿದೆ. ಸಹಿಯೂ ಇಲ್ಲ, ಹಣವೂ ಇಲ್ಲದಿದ್ದರೆ ಫೆಬ್ರವರಿ ಹದಿನೇಳಕ್ಕೆ ನನ್ನ ಖಾತೆಗೆ ಪ್ರಿಪೇಯ್ಡ್ ಮೀಟರು ಹಾಕುತ್ತಾರಂತೆ; ಮುಂಚೆ ದುಡ್ಡು ತುಂಬಿದರೆ ಮಾತ್ರ ಕರೆಂಟು. ಹಾಕುವುದು ಯಾವ ಮೀಟರಿಗೆ? ದಾಖಲೆಯಲ್ಲಿ ನನ್ನದೆಂದು ಇರುವುದಕ್ಕೆ. ಅದರಿಂದ ಕರೆಂಟು ಹೋಗುವುದು ಯಾರ ಮನೆಗೆ? ನೋರೀನ್ ಮನೆಗೆ. ನಾನು ದುಡ್ಡು ತುಂಬಲು ಮರೆತ ದಿನ ಕತ್ತಲಲ್ಲಿ ಕೂರುವವಳು ಅವಳು. ಇದನ್ನೂ ಫೋನಿನಲ್ಲಿ ಬಿಡಿಸಿ ಹೇಳಿದೆ. "ನಮ್ಮ ಸಿಸ್ಟಮ್‌ನಲ್ಲಿ ಹಾಗೆ ತೋರಿಸ್ತಿಲ್ಲ ಮೇಡಂ" ಎಂದರು.

ನಿನ್ನೆ ಸಂಜೆ ನನಗೆ ತಡೆಯಲಾಗಲಿಲ್ಲ. ಏಳು ವರ್ಷಗಳಲ್ಲಿ ಮೊದಲ ಸಲ ಮನೆಯ ಹೀಟರುಗಳನ್ನೆಲ್ಲ ಪೂರ್ತಿ ತಿರುಗಿಸಿ, ಒಲೆಯಲ್ಲಿ ಕುರಿಮಾಂಸ, ಆಲೂಗಡ್ಡೆಯ ಹಾಟ್‌ಪಾಟ್ ಬೇಯಲಿಟ್ಟು, ಎದುರು ಮನೆಯ ಬಾಗಿಲು ಬಡಿದೆ.

"ಬಾರೇ ನೋರೀನ್, ನಮ್ಮನೇಲಿ ಕೂತ್ಕೋ. ಬೆಚ್ಚಗಿದೆ. ನೀನೂ ಬಾ ಸಿರಿಲ್, ಮುಖ ಗಂಟು ಹಾಕ್ಕೊಂಡೇ ಬಾ, ಪರವಾಗಿಲ್ಲ."

ನೋರೀನ್ ಎದ್ದಳು. ಸಿರಿಲ್ ಅವಳ ತೋಳು ಹಿಡಿದು ನಿಲ್ಲಿಸಿದ. ಬಹಳ ದಿನಗಳ ಮೇಲೆ ಅವನು ನಕ್ಕಿದ್ದು ಆಗಲೇ, ಆದರೆ ಅದನ್ನು ನೋಡುವುದಕ್ಕೆ ನನ್ನಿಂದ ಆಗಲಿಲ್ಲ.

"ನಿನ್ನ ಹೀಟರ್ ಓಡೋದು ನನ್ನ ಲೆಕ್ಕಕ್ಕೆ. ನನ್ನ ಹೀಟರ್ ಓಡೋದು ನಿನ್ನ ಲೆಕ್ಕಕ್ಕೆ. ಇವಳನ್ನ ಯಾರ ಮನೇಲಿ ಕೂರಿಸ್ಲಿ, ನೀನೇ ಹೇಳು ಗ್ಲೆನಿಸ್."

ಪಾತ್ರೆಯನ್ನು ಅವನ ಕೈಗೆ ಕೊಟ್ಟು ಒಳಗೆ ಬಂದು ಹೀಟರುಗಳನ್ನು ಆರಿಸಿದೆ.

ಮಾನ್ಯರೇ, ನಾನು ಕೇಳುವುದು ಇಷ್ಟು. ಫೆಬ್ರವರಿ ಹದಿನೇಳರ ಒಳಗೆ ಬಗ್ಗಲು ಬರುವ ಒಬ್ಬ ಮನುಷ್ಯನನ್ನು ಕಳಿಸಿ, ಆ ಎರಡು ವೈರುಗಳು ಯಾವ ಮನೆಗೆ ಹೋಗುತ್ತವೆಂದು ನೋಡಿಸಿ, ದಾಖಲೆ ಸರಿಪಡಿಸಿ. ಆ ಫಾರಂ ಹರಿದು ಹಾಕಿಸಿ. ಹಿಂದಿನದನ್ನು ತಪ್ಪು ಮಾಡಿದವರು ಹಂಚಿಕೊಳ್ಳಲಿ. ಇಂದಿನಿಂದ ಸಿರಿಲ್ ತನ್ನದನ್ನು ಕಟ್ಟುತ್ತಾನೆ, ನಾನು ನನ್ನದನ್ನು ಕಟ್ಟುತ್ತೇನೆ. ಅಷ್ಟಕ್ಕೂ ಎಂಟು ವಾರ ಬೇಕೆನ್ನುವುದಾದರೆ, ಸಿರಿಲ್ ಕೇಳಿದ ಪ್ರಶ್ನೆಗೆ ಮಾತ್ರ ಈ ಸಂಜೆಯೇ ಉತ್ತರ ಕೊಡಿ. ಲೈಬ್ರರಿ ಐದಕ್ಕೆ ಮುಚ್ಚುತ್ತದೆ. ಐದರ ಮೇಲೆ ನೋರೀನ್ ಎಲ್ಲಿ ಕೂರಬೇಕು?

ಇಂತಿ,
ನಿಮ್ಮ ದಾಖಲೆಯ ಪ್ರಕಾರ ದಿನವಿಡೀ ಬೆಚ್ಚಗಿರುವ,
ಗ್ಲೆನಿಸ್ ಥ್ರೆಲ್‌ಫಾಲ್
ಮನೆ ಐದು, ಮೀಟರು ಆರು, ಹ್ಯಾಲಿಬಟ್ ಹೌಸ್