ದ್ವೀಪಕ್ಕೆ ಹೋಗುವ ಡ್ಯೂಟಿ ಹಾಳೆ

ಮನೆಯಿಂದ
ಭಾನುವಾರ, ನವೆಂಬರ್ ೯
ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ

ಪ್ರೀತಿಯ ಪುಟ್ಟಿ,

ಹೇಗಿದ್ದೀಯ? ಕೆಮ್ಮು ವಾಸಿಯಾಯಿತೇ? ರಿಸೆಪ್ಷನ್ ಕೌಂಟರಿನಲ್ಲಿ ದಿನವಿಡೀ ನಿಂತು ಕಾಲು ಊದಿಕೊಳ್ಳುತ್ತದೆ ಎಂದು ಅಮ್ಮನಿಗೆ ಹೇಳಿದ್ದೆಯಂತೆ. ಮಲಗುವಾಗ ಕಾಲಡಿ ದಿಂಬು ಇಟ್ಟುಕೋ. ನಾವಿಬ್ಬರೂ ಗಟ್ಟಿಮುಟ್ಟಾಗಿದ್ದೇವೆ. ನನ್ನ ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಫೋನಿನಲ್ಲೇ ಕೇಳಬಹುದಿತ್ತು, ಆದರೆ ಯಾವಾಗ ಮಾಡಿದರೂ ನಿನ್ನ ಎದುರಿಗೆ ಯಾರಾದರೂ ಅತಿಥಿ ನಿಂತಿರುತ್ತಾರೆ, ನೀನು "ಆಮೇಲೆ ಮಾಡ್ತೀನಪ್ಪ" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ.

ನಮ್ಮಿಬ್ಬರನ್ನೂ ನಿನ್ನ ರೆಸಾರ್ಟಿಗೆ ಕರೆದು ನೀನು ಬರೆದು ಕಳಿಸಿದ ಐದು ದಿನದ ಕಾರ್ಯಕ್ರಮ ಕೈಸೇರಿ ಹದಿನೈದು ದಿನವಾಯಿತು. ಮೂವತ್ತೊಂದು ವರ್ಷ ಬಸ್ ನಿಲ್ದಾಣದಲ್ಲಿ ಟೈಂಕೀಪರ್ ಆಗಿ ದಿನಕ್ಕೆ ಇನ್ನೂರು ಬಸ್ಸು ಬಿಟ್ಟವನಿಗೆ ಈ ಒಂದು ಹಾಳೆಯ ತಲೆಬುಡ ತಿಳಿಯುತ್ತಿಲ್ಲವಲ್ಲ ತಾಯಿ. ದೋಣಿ ದ್ವೀಪ ಮುಟ್ಟುವುದು ಒಂಬತ್ತಕ್ಕೆ, ಕೋಣೆ ಕೊಡುವುದು ಎರಡಕ್ಕೆ. ನಡುವಿನ ಐದು ಗಂಟೆ ನಾವು ಪೆಟ್ಟಿಗೆ ಹಿಡಿದುಕೊಂಡು ಎಲ್ಲಿ ನಿಂತಿರಬೇಕು? ಎರಡನೇ ದಿನ 'ಕಡಲ ತೀರದಲ್ಲಿ ವಿಶ್ರಾಂತಿ, ಮೂರು ಗಂಟೆ' ಎಂದು ಬರೆದಿದ್ದೀಯ. ಅದಕ್ಕೂ ಮುಂಚೆ ನಾವು ಮಾಡುವುದು ತಿಂಡಿ ತಿನ್ನುವುದೊಂದೇ. ವಿಶ್ರಾಂತಿ ಯಾವ ಸುಸ್ತಿಗೆ? ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಮೀನು ತೋರಿಸುತ್ತಾರಂತೆ. ಅಮ್ಮ "ಗಾಜು ಒಡೆದ್ರೆ?" ಎಂದಳು. ಅದನ್ನೂ ನಿನ್ನನ್ನು ಕೇಳುವ ಪಟ್ಟಿಗೆ ಸೇರಿಸಿಕೊಂಡೆ.

ಎಲ್ಲಕ್ಕಿಂತ ತಲೆ ಕೆಡಿಸಿರುವುದು ನಾಲ್ಕನೇ ದಿನದ ಗುಹೆ. ಹೊರಡುವ ಹೊತ್ತು 'ಸಮುದ್ರದ ನೀರು ಇಳಿದಾಗ' ಎಂದಿದೆ. ಇಳಿದಾಗ ಎಂದರೆ ಎಷ್ಟು ಗಂಟೆ ಎಷ್ಟು ನಿಮಿಷ? ಪಕ್ಕದ ಮನೆಯ ಮೇಷ್ಟರನ್ನು ಕೇಳಿದೆ. ಉಬ್ಬರ ಇಳಿತಕ್ಕೆ ಸಮುದ್ರ ದಿನಾ ಹೆಚ್ಚುಕಡಿಮೆ ಐವತ್ತು ನಿಮಿಷ ತಡ ಮಾಡುತ್ತದಂತೆ. ನಮ್ಮ ಡಿಪೋದಲ್ಲಿದ್ದಿದ್ದರೆ ಮೂರನೇ ದಿನಕ್ಕೆ ಮೆಮೊ ಕೊಟ್ಟಿರುತ್ತಿದ್ದೆ. ಜೊತೆಗೆ ಆ ದೀಪಸ್ತಂಭ, ನೂರ ಎಂಬತ್ತು ಮೆಟ್ಟಿಲು. ನನ್ನ ಮಂಡಿಯ ವಿಷಯ ಮೇಲೆಯೇ ಬರೆದಿದ್ದೇನೆ.

ಅಮ್ಮನಿಗೆ ಈ ಯಾವ ಗೊಂದಲವೂ ಇಲ್ಲ. ಅಗಲ ಅಂಚಿನ ಟೋಪಿಯೊಂದನ್ನು ಕೊಂಡು ತಂದು, ಅಭ್ಯಾಸವಾಗಲಿ ಎಂದು ಅಡುಗೆಮನೆಯಲ್ಲೂ ಹಾಕಿಕೊಂಡು ಓಡಾಡುತ್ತಾಳೆ. ನಿನ್ನ ಮುಖ ನೋಡಿ ಎರಡು ವರ್ಷವಾಯಿತು ಎನ್ನುವುದೊಂದೇ ಅವಳ ಲೆಕ್ಕ. ಗುಹೆ, ಮೀನು, ಮಾರುಕಟ್ಟೆ ಎಂದು ನಾನು ಓದಿ ಹೇಳಿದರೆ "ಅದೆಲ್ಲ ಇರ್ಲಿ, ಅವಳು ನಮ್ಮ ಜೊತೆ ಯಾವಾಗ ಇರ್ತಾಳೆ, ಅದನ್ನ ಹೇಳಿ" ಎನ್ನುತ್ತಾಳೆ. ಎಲ್ಲೋ ಬರೆದಿರುತ್ತಾಳೆ, ನೋಡಿ ಹೇಳುತ್ತೇನೆ ಎಂದು ದಿನ ದೂಡುತ್ತಿದ್ದೇನೆ.

ಗೊಣಗುತ್ತೇನೆ ಎಂದು ಬೇಸರ ಮಾಡಿಕೊಳ್ಳಬೇಡ. ಇಷ್ಟು ಅಚ್ಚುಕಟ್ಟಾಗಿ ಬರೆಯುವ ಬುದ್ಧಿ ನಿನಗೆ ನನ್ನಿಂದಲೇ ಬಂದದ್ದು ಎಂದು ಒಳಗೊಳಗೇ ಹೆಮ್ಮೆ. ನೀನು ಎರಡನೇ ಕ್ಲಾಸಿನಲ್ಲಿದ್ದಾಗ ರಜೆಯಲ್ಲಿ ನಿನ್ನನ್ನೂ ಅಮ್ಮನನ್ನೂ ಸಮುದ್ರ ನೋಡಲು ಕಳಿಸಿದ್ದು ನೆನಪಿದೆಯೇ? ಆರು ಹತ್ತರ ಬಸ್ಸು, ಮೂರು ಮತ್ತು ನಾಲ್ಕನೇ ಸೀಟು, ಕಿಟಕಿ ಪಕ್ಕ. ಎಲ್ಲಿ ಇಳಿಯಬೇಕು, ಎಲ್ಲಿ ಊಟ, ಎಷ್ಟು ಹೊತ್ತಿಗೆ ನೀರಿನಿಂದ ಎದ್ದು ಬರಬೇಕು, ಎಲ್ಲವನ್ನೂ ಚೀಟಿಯಲ್ಲಿ ಬರೆದು ಅಮ್ಮನ ಕೈಗೆ ಕೊಟ್ಟಿದ್ದೆ. ಒಂದು ನಿಮಿಷವೂ ಹೆಚ್ಚುಕಡಿಮೆ ಆಗಲಿಲ್ಲ ಎಂದು ಅವಳು ಬಂದು ಹೇಳಿದಾಗ ನನಗೆ ಎದೆ ಉಬ್ಬಿತ್ತು.

ಹೊತ್ತಿಗೆ ಸರಿಯಾಗಿ ಉಣ್ಣು, ತಂಪಾಗಿರು ಮಗಳೇ. ನಿನ್ನ ಜೊತೆ ಕೋಣೆಯಲ್ಲಿರುವ ಹುಡುಗಿಗೂ ನಮ್ಮ ಆಶೀರ್ವಾದ ತಿಳಿಸು.

ಹೀಗೆ ತಲೆ ಕೆರೆದುಕೊಳ್ಳುತ್ತಿರುವ
ನಿನ್ನ ಅಪ್ಪ

ಅಂದಹಾಗೆ, ಲಕೋಟೆ ಅಂಟಿಸುವ ಮೊದಲು ನಿನ್ನ ಐದು ದಿನವನ್ನು ನನ್ನ ಹಳೆಯ ಡ್ಯೂಟಿ ಹಾಳೆಗೆ ಇಳಿಸಿ ನೋಡಿದೆ. ಹೊರಡುವ ಹೊತ್ತು, ಮುಟ್ಟುವ ಹೊತ್ತು, ವಾಹನ, ಎಲ್ಲ ತುಂಬಿತು. ಕೊನೆಯ ಕಾಲಂ ಜೊತೆಗೆ ಹೋಗುವವರದು. ಅದು ತುಂಬದೆ ನಾನು ಒಂದು ಬಸ್ಸನ್ನೂ ಬಿಟ್ಟವನಲ್ಲ. ಒಂದು ಕಡೆ ದೋಣಿಯವನು, ಒಂದು ಕಡೆ ಗೈಡು, ಒಂದು ಕಡೆ ಜೀಪಿನ ಡ್ರೈವರ್. ಐದು ದಿನದಲ್ಲಿ ನೀನು ಎಲ್ಲೂ ಇಲ್ಲ. ಹದಿನೈದು ದಿನ ಗಂಟೆ ನಿಮಿಷವನ್ನೇ ನೋಡುತ್ತಾ ಕೂತೆ, ಇದು ಕಣ್ಣಿಗೆ ಬೀಳಲಿಲ್ಲ. ರಜೆ ಕೊಡಲಿಲ್ಲವೋ, ನೀನೇ ಕೇಳಲಿಲ್ಲವೋ? ಅಮ್ಮನಿಗೆ ಇನ್ನೂ ಹೇಳಿಲ್ಲ. ಬೈಯುತ್ತಿಲ್ಲ ಪುಟ್ಟಿ, ಬೈಯಲು ನನಗೆ ಮುಖವಿಲ್ಲ. ಅವತ್ತು ಆರು ಹತ್ತಕ್ಕೆ ನೀನು ಕಿಟಕಿಯಿಂದ ತಲೆ ಹೊರಗೆ ಹಾಕಿ "ಅಪ್ಪಾ, ನಿನ್ನ ಸೀಟು ಯಾವುದು?" ಎಂದು ಕೇಳಿದೆ. ಬಸ್ಸಿಗೆ ತಡವಾಗುತ್ತದೆ ಎಂದು ನಾನು ಸೀಟಿ ಊದಿದೆ. ಗುಹೆ, ದೀಪಸ್ತಂಭ ಎಲ್ಲ ಹೊಡೆದು ಹಾಕು. ನಿನ್ನ ಕೌಂಟರ್ ಎದುರಿಗೆ ಒಂದು ಬೆಂಚಿದ್ದರೆ ಐದು ದಿನವೂ ಅಲ್ಲೇ ಕೂರುತ್ತೇವೆ. ಈಗ ನಾನು ಕೇಳುತ್ತೇನೆ, ನೀನಾದರೂ ಉತ್ತರ ಬರಿ: ಮಗಳೇ, ನಿನ್ನ ಸೀಟು ಯಾವುದು?